ಐವತ್ತು ಕಿಲೋಮೀಟರಿನ ಮಾತು

ಮನೆಯಲ್ಲಿ ಅವಳಿಗೆ ಪೈಲಟ್ ಅಂತ ಹೆಸರಿಟ್ಟವನು ಮೈದುನ. ಬಂದಾಗಲೆಲ್ಲ, "ಪೈಲಟ್ ಅತ್ತಿಗೆ, ಸ್ಟೇಷನ್ನಿಗೆ ಒಂದು ಡ್ರಾಪ್ ಸಿಗುತ್ತಾ?" ಅಂತ ಹಲ್ಲು ಕಿರಿಯುತ್ತಿದ್ದ. ಕೇಳಿ ಕೇಳಿ ಮಗಳಿಗೂ ಅದೇ ಬಾಯಿಪಾಠವಾಗಿತ್ತು. ಹೆಸರೇನೋ ದೊಡ್ಡದು, ಆದರೆ ಆ ಕೆಲಸ ಮನೆಯವರ ಕಣ್ಣಿಗೆ ಕೆಲಸವೇ ಅಲ್ಲ. "ಕೂತಲ್ಲೇ ಕೂತು ಹೋಗಿ ಬರೋದು ತಾನೇ," ಅನ್ನುತ್ತಿದ್ದರು ಅತ್ತೆ. ಅದೇ ಅತ್ತೆಯನ್ನು ಮಂಗಳವಾರ, ಗುರುವಾರ, ಶನಿವಾರ, ಬೆಳಿಗ್ಗೆ ಏಳು ಹೊಡೆಯುವುದರೊಳಗೆ ಡಯಾಲಿಸಿಸ್ಸಿನ ಮಂಚಕ್ಕೆ ಮುಟ್ಟಿಸುತ್ತಿದ್ದವಳು ಅವಳು.

ಸ್ಟಿಯರಿಂಗ್ ಹಿಡಿಯುವ ಮುಂಚೆ ಸೈಕಲ್ಲನ್ನೂ ತುಳಿದವಳಲ್ಲ. ಒಂದು ಕೊರಿಯರ್ ಆಫೀಸಿನಲ್ಲಿ ಪೊಟ್ಟಣಗಳನ್ನು ವಿಂಗಡಿಸಿ ಚೀಟಿ ಅಂಟಿಸುವ ಕೆಲಸದಲ್ಲಿದ್ದಳು. ಅತ್ತೆಯ ಕಿಡ್ನಿ ಕೈಕೊಟ್ಟಾಗ ಗಂಡ ಎರಡು ವಾರ ರಜೆ ಹಾಕಿ ಅಮ್ಮನನ್ನು ತಾನೇ ಕರೆದುಕೊಂಡು ಹೋದ. ಮೂರನೆಯ ವಾರ, ಉಡುಗೊರೆ ಕೊಡುವವನ ಹಾಗೆ, "ನೀನೇ ಡ್ರೈವಿಂಗ್ ಕಲಿತುಬಿಡು. ಈಗ ಹೆಂಗಸರೆಲ್ಲ ಓಡಿಸ್ತಾರೆ," ಅಂದ. ಆಗ ಅವಳಿಗೆ ಮೂವತ್ತಾರು. ಒಂದು ತಿಂಗಳಲ್ಲಿ ಕಲಿತಳು. ವಾರಕ್ಕೆ ಮೂರು ಬೆಳಿಗ್ಗೆ ಬಿಟ್ಟುಕೊಡುವ ಆಫೀಸು ಎಲ್ಲಿದೆ? ಕೆಲಸ ಬಿಟ್ಟಳು. ಅಷ್ಟರಲ್ಲಿ ಗಂಡನಿಗೆ ಸೊಂಟನೋವು ಬಂತು. ಡ್ರೈವರ್ ಸೀಟು ಕಂಡರೆ ಏಳುವ ನೋವು, ಸೋಫಾದ ಮೇಲೆ ಕೂತರೆ ತಾನಾಗಿ ಇಳಿಯುವಂಥದ್ದು. ಹಾಗೆ ಏಳು ವರ್ಷವಾಯಿತು. ಮಗಳ ಶಾಲೆ, ಗಂಡನ ರೈಲು, ಅತ್ತೆಯ ಆಸ್ಪತ್ರೆ. ಯಾವ ರಸ್ತೆಯ ಯಾವ ಗುಂಡಿ ಎಷ್ಟು ಆಳ, ಯಾವ ಹಂಪನ್ನು ಓರೆಯಾಗಿ ಹತ್ತಿಸಿದರೆ ಸೂಜಿ ಚುಚ್ಚಿಸಿಕೊಂಡ ಅತ್ತೆಯ ಎಡಗೈ ಅಲುಗುವುದಿಲ್ಲ ಅನ್ನುವುದೆಲ್ಲ ಅವಳ ಅಂಗಾಲಿಗೆ ಗೊತ್ತಿತ್ತು.

ಟೈರು ಸವೆದದ್ದು ಮೊದಲು ಗೊತ್ತಾದದ್ದೂ ಅವಳಿಗೇ. ಟೈರಿನ ಗೆರೆಯೊಳಗೆ ಹೆಬ್ಬೆರಳಿನ ಉಗುರು ಇಳಿಸಿ ನೋಡುವುದು ಅವಳ ರೂಢಿ. ಹೊಸತರಲ್ಲಿ ಉಗುರು ಪೂರ್ತಿ ಮುಳುಗುತ್ತಿತ್ತು. ಈಗ ಗೆರೆ ಎಲ್ಲಿದೆ ಅಂತ ಹುಡುಕಬೇಕಾಗಿತ್ತು. ನಾಲ್ಕು ತಿಂಗಳಿಂದ ಹೇಳುತ್ತಲೇ ಇದ್ದಳು. "ಇನ್ನೊಂದು ಮಳೆಗಾಲಕ್ಕೆ ಬಾಳಿಕೆ ಬರುತ್ತೆ ಬಿಡು," ಅನ್ನುತ್ತಿದ್ದ ಗಂಡ. ಕೊನೆಗೊಂದು ದಿನ ಮಳೆಯಲ್ಲಿ, ಆಸ್ಪತ್ರೆಯ ಇಳಿಜಾರಿನಲ್ಲಿ, ಬ್ರೇಕ್ ಒತ್ತಿದರೂ ಕಾರು ಸೋಪಿನ ಬಿಲ್ಲೆಯ ಹಾಗೆ ಜಾರಿ, ನಿಂತಿದ್ದ ಆಂಬುಲೆನ್ಸಿಗೆ ಒಂದು ಗೇಣು ಇರುವಾಗ ನಿಂತಿತು. ಆಂಬುಲೆನ್ಸಿನವನು ಇಳಿದು ಬಂದು ಟೈರು ನೋಡಿ, "ಇದು ಟೈರಾ, ಬೋಳುತಲೆಯಾ? ಯಜಮಾನರ ನಂಬರ್ ಕೊಡಿ ಇಲ್ಲಿ," ಅಂದ. ಅಲ್ಲೇ ನಿಂತು ಫೋನಿನಲ್ಲಿ ಗಂಡನನ್ನು ಚೆನ್ನಾಗಿ ಬೈದ. ನಾಲ್ಕು ತಿಂಗಳಲ್ಲಿ ಆಗದ್ದು ಎರಡು ನಿಮಿಷದಲ್ಲಿ ಆಯಿತು. ಅವತ್ತು ಸಂಜೆಯೇ ಗಂಡ ಫೋನು ಹಿಡಿದು ಟೈರು ಹುಡುಕಲು ಕೂತ.

ಹುಡುಕುತ್ತಾ ಹುಡುಕುತ್ತಾ ಟೈರಿನಿಂದ ಚಕ್ರಕ್ಕೆ ಜಾರಿದ. ಕಪ್ಪು ಬಣ್ಣದ, ನಕ್ಷತ್ರದ ಹಾಗೆ ಕವಲೊಡೆದ, ದೊಡ್ಡ ಅಲಾಯ್ ಚಕ್ರಗಳು. ಚಕ್ರ ದೊಡ್ಡದಾದಷ್ಟೂ ಅದರ ಸುತ್ತಲಿನ ಟೈರು ತೆಳ್ಳಗೆ, ಬಳೆಯ ಹಾಗೆ.

"ಇಷ್ಟು ತೆಳ್ಳಗಿದ್ರೆ ಗುಂಡಿ ಗುಂಡೀನೂ ಅತ್ತೆ ಬೆನ್ನಿಗೆ ಬಡಿಯುತ್ತೆ ರೀ," ಅಂದಳು. "ಹಳೇ ಚಕ್ರಾನೇ ಇರಲಿ. ದಪ್ಪ ಟೈರ್ ಸಾಕು."

"ಟೈರೊಂದೇ ಹಾಕಿದ್ರೆ ಹಾಕಿದ್ದೇ ಗೊತ್ತಾಗಲ್ಲ. ಚಕ್ರ ಬದಲಾದ್ರೆ ಗಾಡಿಗೊಂದು ಕಳೆ ಬರುತ್ತೆ."

"ಕಳೆ ನೋಡೋರು ಹೊರಗಿರ್ತಾರೆ. ಕುಲುಕು ತಿನ್ನೋರು ಒಳಗಿರ್ತಾರೆ."

"ಮಾತಿಗೇನು ಕಮ್ಮಿ ಇಲ್ಲ ನಿಂಗೆ," ಅಂತ ನಕ್ಕು ಮತ್ತೆ ಫೋನಿಗೆ ತಿರುಗಿದ. ಅತ್ತೆ ಟಿವಿಯಿಂದ ಕಣ್ಣು ತೆಗೆಯದೆ, "ಅವನು ನಾಲ್ಕು ಕಡೆ ವಿಚಾರಿಸಿಯೇ ತರ್ತಾನೆ ಬಿಡಮ್ಮಾ," ಅಂದರು.

ಭಾನುವಾರ ಇಬ್ಬರೂ ಟೈರಿನಂಗಡಿಗೆ ಹೋದರು. ಗಾಡಿ ಓಡಿಸಿಕೊಂಡು ಹೋದದ್ದು ಅವಳೇ. ಇಳಿದ ಕೂಡಲೇ ಅಂಗಡಿಯವನು ಕುರ್ಚಿಯನ್ನು ಗಂಡನ ಕಡೆಗೆ ಎಳೆದು, "ಬನ್ನಿ ಸರ್," ಅಂದ. ಅವಳಿಗೆ, "ಮೇಡಂ, ಅಲ್ಲಿ ಫ್ಯಾನಿದೆ, ಕೂತ್ಕೊಳ್ಳಿ," ಅಂದ. ಫ್ಯಾನಿನ ಕೆಳಗೆ ಹಳೆಯ ಸೋಫಾ, ಮೇಲೆ ಬಿಸ್ಕತ್ತಿನ ಚೂರು. ಆಳೆತ್ತರ ಪೇರಿಸಿಟ್ಟ ಟೈರುಗಳಿಂದ ರಬ್ಬರಿನ ಘಾಟು ಮೂಗಿಗೆ ಹೊಡೆಯುತ್ತಿತ್ತು. ಅವಳು ಕೂರಲಿಲ್ಲ. ಗಾಡಿಯ ಹತ್ತಿರ ಬಂದು ನಿಂತಳು. ಅಲ್ಲಿ ಬಿಳಿ ಮೀಸೆಯ ಮೇಸ್ತ್ರಿಯೊಬ್ಬ ಹಳೆಯ ಚಕ್ರ ಬಿಚ್ಚುತ್ತಿದ್ದ.

"ಗಾಡಿ ಯಾರು ಓಡ್ಸೋದು?" ಅಂತ ಕೇಳಿದ ಮೇಸ್ತ್ರಿ, ತಲೆಯೆತ್ತದೆ.

"ಸರ್ ಅಲ್ವೇನಯ್ಯಾ," ಅಂದ ಅಂಗಡಿಯವನು, ದೂರದಿಂದಲೇ.

"ಹತ್ತಿರದ್ದಕ್ಕೆಲ್ಲ ಇವಳೂ ಓಡಿಸ್ತಾಳೆ," ಅಂದ ಗಂಡ.

ಮೇಸ್ತ್ರಿ ಒಮ್ಮೆ ಅವಳ ಕಡೆ ನೋಡಿದ. ಡ್ರೈವರ್ ಸೀಟು ಅವಳ ಎತ್ತರಕ್ಕೆ ಮುಂದೆ ಸರಿದಿತ್ತು, ಬೆನ್ನಿಗೆ ಅವಳದೇ ದಿಂಬು ಇತ್ತು. ನೋಡುವ ಕಣ್ಣಿಗೆ ಅಷ್ಟು ಸಾಕಾಗಿತ್ತು.

ಅರ್ಧ ಕೆಲಸ ಆಗುವಷ್ಟರಲ್ಲಿ ಗಂಡನ ಗೆಳೆಯ ಬೈಕಿನಲ್ಲಿ ಬಂದ. ಅಂಗಡಿಯವನು ಕೊಟ್ಟ ಕಾಗದಗಳನ್ನೂ ಒಂದು ಪುಟ್ಟ ಕಪ್ಪು ಚೀಲವನ್ನೂ ತನ್ನ ಆಫೀಸ್ ಬ್ಯಾಗಿಗೆ ಹಾಕಿಕೊಂಡು, "ಮುಗಿದ ಮೇಲೆ ನೀನು ತಗೊಂಡು ಬಾ," ಅಂತ ಹೇಳಿ ಗಂಡ ಹಿಂದಿನ ಸೀಟು ಹತ್ತಿದ. ಬೈಕಿನ ಮೇಲೆ ಸೊಂಟ ನೋಯಲಿಲ್ಲ.

ಎಲ್ಲ ಮುಗಿದಾಗ ಅವಳು ಡಿಕ್ಕಿಯಿಂದ ಹೊರಗಿಟ್ಟಿದ್ದ ಅತ್ತೆಯ ಕಂಬಳಿ, ನೀರಿನ ಬಾಟಲಿ, ವಾಂತಿ ಬಂದರೆ ಬೇಕಾಗುವ ಬೇಸಿನ್ನು, ಒಂದೊಂದಾಗಿ ಮತ್ತೆ ಒಳಗೆ ಜೋಡಿಸುತ್ತಿದ್ದಳು. ಅಂಗಡಿಯವನು ಕೌಂಟರಿನಲ್ಲಿ ಫೋನು ಕಿವಿಗೊತ್ತಿಕೊಂಡು, "ಸರ್, ಆಯ್ತು ಸರ್, ಗಾಡಿ ಈಗ ರಾಜನ ಹಾಗಿದೆ ಸರ್," ಅಂತ ನಗುತ್ತಾ ಇನ್ನೂ ಏನೇನೋ ಹೇಳಿದ. ಅವಳಿಗೆ ಬೀಗದ ಕೈ ಮಾತ್ರ ಕೊಟ್ಟ.

ಮಂಗಳವಾರ ಅತ್ತೆಯನ್ನು ಕರೆದುಕೊಂಡು ಹೋಗುವಾಗ ಮುಂದಿನ ಎಡಗಡೆಯಿಂದ ಸಣ್ಣಗೆ ಒಂದು ಸದ್ದು ಬಂತು. ಟಕ್. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ಟಕ್. ಹಲ್ಲಿ ಲೊಚಗುಟ್ಟಿದಂತೆ. ಬಾಗಿಲು ಸರಿಯಾಗಿ ಹಾಕಿಲ್ಲವೇನೋ ಅಂದುಕೊಂಡು ನಿಲ್ಲಿಸಿ ಹಾಕಿದಳು. ವಾಪಸ್ ಬರುವಾಗಲೂ ಸದ್ದು ಇತ್ತು. ಸಂಜೆ ಗಂಡನಿಗೆ ಹೇಳಿದಳು.

"ಹೊಸದಲ್ವಾ, ಹೊಂದ್ಕೊಳ್ಳೋಕೆ ನಾಲ್ಕು ದಿನ ಬೇಕು," ಅಂದ.

"ಚಪ್ಪಲಿನಾ ಅದು, ಹೊಂದ್ಕೊಳ್ಳೋಕೆ?"

"ನಿಂಗೆ ಈ ಚಕ್ರ ಮೊದಲಿಂದಲೂ ಇಷ್ಟ ಇಲ್ಲ. ಅದಕ್ಕೇ ಸದ್ದು ಕೇಳಿಸುತ್ತೆ."

ಇಷ್ಟವಿಲ್ಲದ್ದು ನಿಜ. ಹೊಟ್ಟೆಯುರಿಗೆ ಕಿವಿಯೂ ಸುಳ್ಳು ಹೇಳೀತೇ? ಬುಧವಾರ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡುವಾಗ, "ನಿಂಗೆ ಏನಾದ್ರೂ ಕೇಳಿಸ್ತಿದೆಯಾ?" ಅಂತ ಕೇಳಿದಳು. ಮಗಳು ಕಿವಿಯಿಂದ ಇಯರ್‌ಫೋನ್ ತೆಗೆದು, "ಏನು?" ಅಂದಳು. "ಏನಿಲ್ಲ ಬಿಡು," ಅಂದಳು ಅವಳು. ಸ್ಟಿಯರಿಂಗ್ ಅಂಗೈಯಲ್ಲಿ ಸಣ್ಣಗೆ ನಡುಗುತ್ತಿತ್ತು, ಜ್ವರ ಬಂದ ಮಗುವಿನ ಕೈಯಂತೆ. ಹಿಂದೆ ಅತ್ತೆಯನ್ನು ಕೂರಿಸಿಕೊಂಡು ನಾಳೆ ಮತ್ತೆ ಇದೇ ಚಕ್ರದ ಮೇಲೆ ಹೋಗಬೇಕು. ಹೋಗದೆ ಇರುವ ಹಾಗೂ ಇಲ್ಲ: ಒಂದು ಸರದಿ ತಪ್ಪಿದರೆ ಅತ್ತೆಯ ಕಾಲು ಊದುತ್ತಿತ್ತು, ಎರಡು ತಪ್ಪಿದರೆ ಉಸಿರೇ ಕಟ್ಟುತ್ತಿತ್ತು.

ರಾತ್ರಿ ಊಟಕ್ಕೆ ಬಡಿಸುತ್ತಾ ಇನ್ನೊಮ್ಮೆ ಹೇಳಿದಳು. "ನಾಳೆ ಒಂದಿನ ನೀವು ಓಡಿಸಿ ನೋಡಿ."

"ನಾಳೆ ನನಗೆ ಮೀಟಿಂಗ್ ಇದೆ. ಸುಮ್ನೆ ತಲೆ ತಿನ್ನಬೇಡ."

ಅತ್ತೆ ತಟ್ಟೆಯೊಳಗೇ ನೋಡುತ್ತಾ ತುತ್ತು ಕಲಸಿದರು. ಅವರ ಮುಖದಲ್ಲಿ ಏನಿತ್ತು ಅಂತ ಅವಳಿಗೆ ಕಾಣಲಿಲ್ಲ.

ಗುರುವಾರ ಆರೂವರೆಗೆ ಮೇಲ್ಸೇತುವೆ ಹತ್ತುವಾಗ ಟಕ್ ಅನ್ನುತ್ತಿದ್ದದ್ದು ಕಟಕಟ ಅನ್ನತೊಡಗಿತು. ನಡುವಿನ ತಿರುವಿಗೆ ಬಂದಾಗ ಸ್ಟಿಯರಿಂಗ್ ಅವಳ ಕೈಯನ್ನು ಎಡಕ್ಕೂ ಬಲಕ್ಕೂ ಜಗ್ಗಿತು. ಅವಳು ಗಾಡಿಯನ್ನು ಸೇತುವೆಯ ಅಂಚಿಗೆ ತಂದು ನಿಲ್ಲಿಸಿ, ನಾಲ್ಕೂ ದೀಪ ಮಿನುಗಿಸಿ ಇಳಿದಳು. ಹಿಂದಿನಿಂದ ಹಾರ್ನಿನ ಮೇಲೆ ಹಾರ್ನು. ಬಸ್ಸಿನವನೊಬ್ಬ ತಲೆ ಹೊರಗೆ ಹಾಕಿ, "ಹೆಂಗಸರಿಗೆ ಯಾಕ್ರೀ ಬೇಕು ಗಾಡಿ!" ಅಂತ ಕೂಗಿ ಹೋದ.

ಎಡಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ಕಪ್ಪು ನಕ್ಷತ್ರದ ನಡುವೆ ನಾಲ್ಕು ಕಿರಿದಾದ ತೂತು, ಒಳಗೆ ಒಂದೊಂದು ನಟ್ಟು ಇರಬೇಕಿತ್ತು. ಒಂದು ತೂತಿನಲ್ಲಿ ನಟ್ಟೇ ಇರಲಿಲ್ಲ. ಪಕ್ಕದ್ದಕ್ಕೆ ಬೆರಳು ತೂರಿಸಿದಳು. ಅದು ಜಾಡಿಯ ಮುಚ್ಚಳದಂತೆ ಸಲೀಸಾಗಿ ತಿರುಗಿತು. ಡಿಕ್ಕಿಯಿಂದ ನಟ್ಟು ಬಿಗಿಯುವ ಪಾನಾ ತಂದಳು. ಹಳೆಯ ಪಾನಾ, ಹೊಸ ಚಕ್ರದ ತೂತಿಗೆ ಹಿಡಿಸಲೇ ಇಲ್ಲ. ಗಂಡನಿಗೆ ಫೋನು ಮಾಡಿದಳು.

"ನಟ್ಟು ಬಿದ್ದು ಹೋಗಿದೆ ರೀ. ಉಳಿದದ್ದೂ ಸಡಿಲ. ಪಾನಾ ಹಿಡಿಸ್ತಿಲ್ಲ."

"ಅದಕ್ಕೆ ಬೇರೆ ಪಾನಾ ಬೇಕು. ಕಪ್ಪು ಚೀಲದಲ್ಲಿ ಕೊಟ್ಟಿದ್ದಾನೆ."

"ಎಲ್ಲಿದೆ ಆ ಚೀಲ?"

"ನನ್ನ ಬ್ಯಾಗಲ್ಲಿ." ಆಮೇಲೆ, ನೆನಪಾದವನ ಹಾಗೆ, "ಅಯ್ಯೋ, ಅವತ್ತೇ ಹೇಳಿದ್ದ ಅಂಗಡಿಯವನು. ಹೊಸ ರಿಮ್ಮಿನ ಬಣ್ಣ ಅದುಮಿಕೊಂಡು ನಟ್ಟು ಸಡಿಲ ಆಗುತ್ತಂತೆ. ಐವತ್ತು ಕಿಲೋಮೀಟರ್ ಆದ್ಮೇಲೆ ಬಂದು ಬಿಗಿ ಮಾಡಿಸ್ಕೊಳ್ಳಿ ಅಂದಿದ್ದ."

"ಯಾರಿಗೆ ಹೇಳಿದ?"

"ನಂಗೆ. ಫೋನಲ್ಲಿ."

"ನಾನು ಅಲ್ಲೇ ಇದ್ದೆನಲ್ಲ, ಅವನ ಎದುರಿಗೇ."

"ಹೇಳೋಣ ಅಂತಿದ್ದೆ, ಮರೆತುಹೋಯ್ತು. ನೀನಾದ್ರೂ ಕೇಳಬೇಕಿತ್ತಪ್ಪಾ. ಈಗ ಒಂದು ಕೆಲಸ ಮಾಡು, ಇಪ್ಪತ್ತರಲ್ಲಿ ಮೆಲ್ಲಗೆ ಓಡಿಸ್ಕೊಂಡು ಹೋಗು. ಆಸ್ಪತ್ರೆ ಇನ್ನೇನು ಹತ್ತಿರಾನೇ ಅಲ್ವಾ."

ಅವಳು ಸೇತುವೆಯ ಕಟ್ಟೆಯಾಚೆ ಕೆಳಗೆ ನೋಡಿದಳು. ಮೂರು ಮಹಡಿ ಕೆಳಗೆ ಇನ್ನೊಂದು ರಸ್ತೆ, ಸಣ್ಣಸಣ್ಣ ಗಾಡಿಗಳು. ಸೀಟಿನಲ್ಲಿ ಅತ್ತೆ ಎಡಗೈಯನ್ನು ಎದೆಗವಚಿಕೊಂಡು ನೆಟ್ಟ ನೋಟದಲ್ಲಿ ಕೂತಿದ್ದರು.

"ಗಾಡಿ ಇಲ್ಲೇ ಇರುತ್ತೆ," ಅಂದಳು. "ನಾವು ಟ್ಯಾಕ್ಸಿಯಲ್ಲಿ ಹೋಗ್ತೀವಿ."

"ಸೇತುವೆ ಮೇಲೆ ಗಾಡಿ ಬಿಟ್ಟು ಹೋಗ್ತಾರೇನೇ ಯಾರಾದ್ರೂ? ಟ್ರಾಫಿಕ್‌ನೋರು ಎಳ್ಕೊಂಡು ಹೋಗ್ತಾರೆ."

"ಹೋಗಲಿ. ಅವರ ಹತ್ರ ಸರಿಯಾದ ಪಾನಾ ಇರಬಹುದು."

ಆಸ್ಪತ್ರೆ ಮುಟ್ಟಿದಾಗ ಏಳೂ ಕಾಲು. ಅತ್ತೆಯ ಮಂಚಕ್ಕೆ ಬೇರೆಯವರನ್ನು ಕರೆಯುವುದರಲ್ಲಿದ್ದ ನರ್ಸು ಇವರನ್ನು ಕಂಡು ಕೈಬೀಸಿದಳು. ನಾಲ್ಕು ತಾಸು ಅವಳು ಕಾರಿಡಾರಿನ ಬೆಂಚಿನ ಮೇಲೆ ಕೂತು ತನ್ನ ಬೆರಳನ್ನೇ ನೋಡಿಕೊಂಡಳು. ಅದರ ತುದಿಗೆ ಕಪ್ಪು ಮಸಿ. ಎರಡು ಸಲ ತೊಳೆದರೂ ಹೋಗಲಿಲ್ಲ.

ಗಂಡ ಅಂಗಡಿಗೆ ಫೋನು ಮಾಡಿದ್ದರಿಂದ ಮೇಸ್ತ್ರಿ ಆಸ್ಪತ್ರೆಗೆ ಬಂದು ಅವಳಿಂದ ಬೀಗದ ಕೈ ಇಸಿದುಕೊಂಡು ಸೇತುವೆಗೆ ಹೋಗಿ, ನಟ್ಟು ಹಾಕಿ ಬಿಗಿ ಮಾಡಿ, ಗಾಡಿಯನ್ನು ಮೆಲ್ಲಗೆ ಅಂಗಡಿಗೆ ತಂದಿದ್ದ. ಅತ್ತೆಯನ್ನು ಮನೆಗೆ ಮುಟ್ಟಿಸಿ, ಗಂಜಿ ಕುಡಿಸಿ ಮಲಗಿಸಿ, ಅವಳು ಸಂಜೆ ನಾಲ್ಕಕ್ಕೆ ಬಸ್ಸಿನಲ್ಲಿ ಅಲ್ಲಿಗೆ ಹೋದಳು. ಮೇಸ್ತ್ರಿ ಆ ಎಡಚಕ್ರವನ್ನು ಬಿಚ್ಚಿ ನೆಲದ ಮೇಲೆ ಮಲಗಿಸಿದ್ದ.

"ನೋಡಿ ತಾಯಿ," ಅಂತ ತೂತಿನ ಅಂಚನ್ನು ತೋರಿಸಿದ. "ಸಡಿಲ ಓಡಿ ಓಡಿ ಕಡಿದುಹೋಗಿದೆ. ದುಂಡಗಿದ್ದದ್ದು ಮೊಟ್ಟೆ ಆಕಾರ ಆಗಿದೆ. ಎಷ್ಟು ಬಿಗಿ ಮಾಡಿದ್ರೂ ಇನ್ನು ಇದು ನಿಲ್ಲಲ್ಲ. ಇದನ್ನ ಹಾಕಿ ಕಳಿಸೋಕೆ ನನಗೆ ಧೈರ್ಯ ಇಲ್ಲ."

"ಮತ್ತೆ?"

"ಇಂಥದ್ದೇ ಇನ್ನೊಂದು ತರಿಸೋಕೆ ಮೂರು ವಾರ. ನಿಮ್ಮ ಹಳೇ ಕಬ್ಬಿಣದ ಚಕ್ರ ಹಿಂದ್ಗಡೆ ಇನ್ನೂ ಬಿದ್ದಿವೆ, ಮಾರಿಲ್ಲ. ಅದಕ್ಕೆ ಹೊಸ ದಪ್ಪ ಟೈರ್ ಹಾಕಿದ್ರೆ ನಾಳೆ ಮಧ್ಯಾಹ್ನಕ್ಕೆ ಗಾಡಿ ರೆಡಿ."

"ಹಾಗೇ ಮಾಡಿ."

ಅಂಗಡಿಯವನು ಕೌಂಟರಿನಿಂದ ಎದ್ದ. "ಮೇಡಂ, ಒಂದು ನಿಮಿಷ. ಸರ್‌ಗೆ ಕೇಳ್ಬಿಡ್ತೀನಿ."

"ಯಾಕೆ?"

"ಗಾಡಿ ಅವರ ಹೆಸರಲ್ಲಿದೆ ಅಲ್ವಾ."

"ಗಾಡಿ ಅವರ ಹೆಸರಲ್ಲಿದೆ. ಬ್ರೇಕ್ ಮೇಲಿರೋ ಕಾಲು ನಂದು."

ಅವನು ನಕ್ಕ, ಜೋಕು ಅಂದುಕೊಂಡು. ಫೋನು ಮಾಡಿದ. ಈ ಸಲ ಅವಳು ಕೌಂಟರಿಗೆ ಅಂಟಿಕೊಂಡೇ ನಿಂತಿದ್ದಳು, ಗಂಡನ ಧ್ವನಿ ಕೇಳುತ್ತಿತ್ತು: "ಬೇಡ ಬೇಡ, ಬಿಚ್ಚಬೇಡಿ. ಒಂದು ರಿಮ್ ಆರ್ಡರ್ ಮಾಡಿ. ಅಲ್ಲಿವರೆಗೆ ಆ ಕಡೆಗೆ ಸ್ಟೆಪ್ನಿ ಹಾಕಿ ಕೊಡಿ."

ಸ್ಟೆಪ್ನಿಯೂ ಬೋಳೇ. ಡಿಕ್ಕಿಯಲ್ಲಿ ಮಲಗಿಯೇ ಮುದಿಯಾದ ಟೈರು. ಮೇಸ್ತ್ರಿ ತಲೆ ಅಲ್ಲಾಡಿಸಿದ, ಆದರೆ ಬಾಯಿ ಬಿಡಲಿಲ್ಲ. ಅವನಿಗೂ ಸಂಬಳ ಕೊಡುವವನು ಕೌಂಟರಿನಲ್ಲಿದ್ದ.

"ಹಾಕಬೇಡಿ," ಅಂದಳು ಅವಳು. "ಏನೂ ಹಾಕಬೇಡಿ. ಹೀಗೇ ಇರಲಿ." ಬೆನ್ನಿನ ದಿಂಬನ್ನು ಸೀಟಿನಿಂದ ತೆಗೆದು ಕಂಕುಳಲ್ಲಿಟ್ಟುಕೊಂಡು ಹೊರಗೆ ನಡೆದಳು.

ಬಸ್ಸಿನಲ್ಲಿ ಕೂತಾಗ ಸಿಟ್ಟಿಳಿದು ಚಿಂತೆ ಹತ್ತಿತು. ಗಾಡಿ ಬಿಟ್ಟು ಬಂದದ್ದೇನೋ ಸರಿ, ಶನಿವಾರ ಬೆಳಿಗ್ಗೆ? ಅವಳು ಹಟ ಹಿಡಿದರೆ ಅದರ ಏಟು ಬೀಳುವುದು ಗಂಡನಿಗಲ್ಲ, ಊದಿದ ಕಾಲಿನ ಮುದುಕಿಗೆ. ಬೇರೆ ಕೆಲಸದವರು ಮುಷ್ಕರ ಹೂಡಿದರೆ ಮಾಲೀಕ ಓಡಿ ಬರುತ್ತಾನೆ. ಅವಳು ಮುಷ್ಕರ ಹೂಡಿದರೆ ಆ ದಿನದ ಬದಲಿ ವ್ಯವಸ್ಥೆಯನ್ನೂ ಅವಳೇ ಮಾಡಬೇಕು. ಇಳಿಯುವ ಸ್ಟಾಪು ಬರುವಷ್ಟರಲ್ಲಿ ಶನಿವಾರ ಆರಕ್ಕೆ ಟ್ಯಾಕ್ಸಿ ಹೇಳಿಟ್ಟಿದ್ದಳು.

ಮನೆಗೆ ಬಂದು ನಡೆದದ್ದನ್ನು ಅತ್ತೆಗೆ ನಾಲ್ಕೇ ಮಾತಿನಲ್ಲಿ ಹೇಳಿ ಅಡುಗೆಮನೆಗೆ ಹೋದಳು. ಈರುಳ್ಳಿ ಹೆಚ್ಚುತ್ತಿದ್ದಾಗ ಒಳಕೋಣೆಯಿಂದ ಅತ್ತೆಯ ಧ್ವನಿ ಕೇಳಿತು. ಫೋನಿನಲ್ಲಿ ಮಾತಾಡುವಾಗ ಅವರದು ಯಾವಾಗಲೂ ದೊಡ್ಡ ಗಂಟಲು.

"ಮಗಾ, ಆ ಚಕ್ರ ತೆಗೆಸಿಬಿಡೋ. ಹಳೇದೇ ಹಾಕಿಸು... ಅವಳು ಹೇಳಿಕೊಟ್ಟಳು ಅಂತಲ್ಲ ಕಣೋ. ಸದ್ದು ನನಗೂ ಕೇಳಿಸ್ತಿತ್ತು... ಹೂಂ, ಮಂಗಳವಾರದಿಂದಲೇ... ಹೂಂ. ಆಯ್ತು. ಊಟಕ್ಕೆ ಬೇಗ ಬಾ."

ಮುಗಿಯಿತು. ಎರಡು ಈರುಳ್ಳಿ ಹೆಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ. ಅವಳ ಫೋನಿಗೆ ಗಂಡನ ಮೆಸೇಜು ಬಂತು: "ಹಳೇ ಚಕ್ರ ಹಾಕೋಕೆ ಹೇಳಿದ್ದೀನಿ. ನಾಳೆ ತಗೊಂಡು ಬಾ." ಬೇಕಾದದ್ದು ಸಿಕ್ಕಿತ್ತು. ಆದರೂ ಅವಳು ಈಳಿಗೆಯ ಮುಂದೆ ಹಾಗೇ ಕೂತಿದ್ದಳು, ಕಣ್ಣು ಉರಿಯುತ್ತಿತ್ತು, ಈರುಳ್ಳಿಗೆ ಅಂದುಕೊಳ್ಳಲು ಅನುಕೂಲವಾಗಿತ್ತು. ಎರಡು ದಿನ ತನ್ನ ಕಿವಿಯನ್ನೇ ತಾನು ಅನುಮಾನಿಸಿದ್ದಳು. ಹಿಂದಿನ ಸೀಟಿನಲ್ಲಿ ಇನ್ನೊಂದು ಜೊತೆ ಕಿವಿ ಅದೇ ಸದ್ದನ್ನು ಕೇಳುತ್ತಾ, ತನ್ನ ಜೀವವನ್ನೂ ಅದರ ಮೇಲಿಟ್ಟುಕೊಂಡು, ತೆಪ್ಪಗೆ ಕೂತಿತ್ತು.

ಶುಕ್ರವಾರ ಮೇಸ್ತ್ರಿ ನಟ್ಟು ಬಿಗಿ ಮಾಡುವಾಗ ಅವಳು ಪಕ್ಕದಲ್ಲೇ ಕುಕ್ಕರಿಸಿ ನೋಡಿದಳು. ಒಂದಾದ ಮೇಲೆ ಅದರ ಎದುರಿನದು, ಆಮೇಲೆ ಪಕ್ಕದ್ದು. ಟ್ಯಾಕ್ಸಿ ಬೇಡವೆಂದು ಹೇಳಿದಳು.

ಶನಿವಾರ ಬೆಳಿಗ್ಗೆ ಸೇತುವೆ ಹತ್ತುವಾಗ ಇಬ್ಬರೂ ಎಡಚಕ್ರದ ಕಡೆಗೇ ಕಿವಿಗೊಟ್ಟಿದ್ದರು. ತಿರುವು ದಾಟಿದ ಮೇಲೆ ಅತ್ತೆ, "ಈಗ ಸದ್ದಿಲ್ಲ," ಅಂದರು.

"ಇಲ್ಲ." ಸ್ವಲ್ಪ ದೂರ ಹೋದ ಮೇಲೆ ಕೇಳಿದಳು: "ಮಂಗಳವಾರವೇ ಯಾಕೆ ಹೇಳಲಿಲ್ಲ ಅತ್ತೆ?"

ಅತ್ತೆ ಕಿಟಕಿಯ ಹೊರಗೆ ನೋಡಿದರು. "ಅವನು ಅಷ್ಟು ಆಸೆಪಟ್ಟು ಹಾಕಿಸಿದ್ದ. ಅದಕ್ಕೆ ನಾನೂ ಕೊಂಕು ತೆಗೆದ್ರೆ ಮುಖ ಸಣ್ಣಗಾಗ್ತಿತ್ತು."

"ಚಕ್ರ ಕಳಚಿಕೊಂಡಿದ್ರೆ?"

"ನಂದೇನಿದೆ ಬಿಡು, ಆಗಿಹೋದ ಜೀವ."

"ನಾನೂ ಇದ್ದೆ ಗಾಡೀಲಿ."

ಕನ್ನಡಿಯಲ್ಲಿ ಅತ್ತೆಯ ತುಟಿ ಒಮ್ಮೆ ಅಲುಗಿದ್ದು ಕಂಡಿತು, ಆದರೆ ಮಾತು ಹೊರಗೆ ಬರಲಿಲ್ಲ. ಆ ವಯಸ್ಸಿನವರಿಗೆ ಅದು ಯೋಚಿಸದೆ ಬಿಟ್ಟ ವಿಷಯವೋ, ಯೋಚಿಸಿಯೂ ಬದಿಗಿಟ್ಟ ವಿಷಯವೋ, ಅವಳಿಗೆ ತಿಳಿಯಲಿಲ್ಲ. ತಿಳಿದರೆ ಇನ್ನೂ ಕಷ್ಟ ಅನ್ನಿಸಿತು.

ಆಸ್ಪತ್ರೆಯ ಇಳಿಜಾರಿಗೆ ಬಂದಾಗ ಅವಳು ಗೇರು ತಗ್ಗಿಸಿದಳು. "ಅತ್ತೆ, ಇನ್ನೊಂದು ಸಲ ಏನಾದ್ರೂ ಸದ್ದು ಕೇಳಿಸಿದ್ರೆ ಅವರಿಗಲ್ಲ, ನನಗೆ ಹೇಳಿ."

"ನಿನಗೆ ಹೇಳಿ ಏನು ಪ್ರಯೋಜನ? ನಿನ್ನ ಮಾತು ಅವನು ಕೇಳ್ತಾನಾ?"

"ಕೇಳಲ್ಲ," ಅಂದಳು ಅವಳು. "ಆದ್ರೆ ಗಾಡಿ ನಿಲ್ಲಿಸೋದು ನಾನು."